1,200 ರೂಪಾಯಿ ಪಿಂಚಣಿಯಲ್ಲಿ ಶುಗರ್ ನೋಡ್ಕೊಳ್ಳೋದು ಹೇಗೆ?

[ದೃಶ್ಯ: ರೇಷನ್ ಅಂಗಡಿ, ಅಕ್ಕಿ ಚೀಲ]

ನಮಸ್ಕಾರ. ಶುಗರ್ ಇದ್ದೋರು ಏನು ತಿನ್ಬೇಕು ಅಂತ ಹುಡುಕಿ ನೋಡಿ. ಓಟ್ಸ್, ಬಾದಾಮಿ, ಬ್ರೊಕೋಲಿ ಅಂತಾರೆ. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರೋ ಅಜ್ಜಿ ಇದನ್ನೆಲ್ಲ ಎಲ್ಲಿಂದ ತರ್ಬೇಕು? ಮನೇಲಿರೋದು ರೇಷನ್ ಅಕ್ಕಿ, ಒಂದಿಷ್ಟು ರಾಗಿ. ಇವತ್ತಿನ ಮಾತು ಅಂಥ ಮನೆಯವರಿಗೆ.

ಮಾತ್ರೆ ವಿಷಯ ಮೊದಲು ಮುಗಿಸೋಣ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬೆಂಗಳೂರಲ್ಲಾದ್ರೆ ಸರ್ಕಾರದ 'ನಮ್ಮ ಕ್ಲಿನಿಕ್' ಅನ್ನೋ ಆಸ್ಪತ್ರೇಲಿ, ಶುಗರ್ ಟೆಸ್ಟು, ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ಎರಡೂ ಉಚಿತ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಪರೀಕ್ಷೆ ಮಾಡ್ತಾರೆ. ಮಾತ್ರೆ ಸ್ಟಾಕ್ ಇಲ್ಲ ಅಂದ್ರೆ ಡಾಕ್ಟರ್ ಚೀಟಿ ಹಿಡ್ಕೊಂಡು, ಕಡಿಮೆ ಬೆಲೆಗೆ ಔಷಧಿ ಸಿಗೋ ಜನೌಷಧಿ ಕೇಂದ್ರಕ್ಕೆ ಹೋಗಿ. ಮಾತ್ರೆ ಉಳಿಸೋಕೆ ಅಂತ ದಿನ ಬಿಟ್ಟು ದಿನ ನುಂಗ್ಬೇಡಿ. "ಮೈ ಚೆನ್ನಾಗೇ ಇದೆಯಲ್ಲಪ್ಪ" ಅಂತೀರಿ. ಶುಗರ್ 300 ದಾಟಿದ್ರೂ ಕೆಲವರಿಗೆ ಏನೂ ಗೊತ್ತಾಗಲ್ಲ.

[ದೃಶ್ಯ: ಮುದ್ದೆ, ಸೊಪ್ಪಿನ ಸಾರು]

ರಾಗಿ ತಿಂದ್ರೆ ಶುಗರ್ ಏರಲ್ಲ ಅನ್ನೋದು ಹಳೇ ಮೈಸೂರು ಕಡೆ ವೇದವಾಕ್ಯ. ರಾಗೀಲೂ ಪಿಷ್ಟ ಇದೆ, ಎರಡು ದೊಡ್ಡ ಮುದ್ದೆ ಉಂಡ್ರೆ ಏರೇ ಏರುತ್ತೆ. ಮುದ್ದೆ ಸಣ್ಣದು ಮಾಡಿ. ಹುರುಳಿ ಬಸ್ಸಾರು, ಅಲಸಂದೆ ಕಾಳು, ಬೆರಕೆ ಸೊಪ್ಪು ಜಾಸ್ತಿ ಬಡಿಸ್ಕೊಳ್ಳಿ. ಅನ್ನಕ್ಕೂ ಇದೇ ಲೆಕ್ಕ. ಬೆಲ್ಲದ ಕಾಫಿ ಬಗ್ಗೆ ಕೇಳ್ಬೇಡಿ, ಬೆಲ್ಲವೂ ಸಕ್ಕರೆಯೇ.

ಹಾಗಂತ ಊಟ ಬಿಡೋದು ಇನ್ನೂ ಅಪಾಯ. ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಏಕಾದಶಿ ಉಪವಾಸ ಕೂತ್ರೆ ಶುಗರ್ ಧಡಕ್ಕನೆ ಇಳಿಯಬಹುದು. ಬೆವರು, ನಡುಕ, ತಲೆಬುಡ ಇಲ್ಲದ ಮಾತು. ಮನೆಯವರು "ವಯಸ್ಸಾಯ್ತು, ಅರಳುಮರಳು" ಅಂತ ಸುಮ್ಮನಾಗ್ತಾರೆ. ಆಗ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ. 15 ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ. ಉಪವಾಸ ಮಾಡ್ಲೇಬೇಕು ಅಂದ್ರೆ ಮಾತ್ರೆ ಏನ್ಮಾಡೋದು ಅಂತ ಡಾಕ್ಟರನ್ನ ಮೊದಲೇ ಕೇಳಿ.

ಇನ್ಸುಲಿನ್ ಇದ್ದು ಫ್ರಿಜ್ ಇಲ್ವಾ? ಬಾಟ್ಲಿಯನ್ನ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ, ತಂಪಾದ ಮಣ್ಣಿನ ಮಡಕೇಲಿಡಿ. ಒಂದು ಎಂಎಲ್‌ಗೆ 40 ಯೂನಿಟ್ ಅಂತ ಬರೆದಿರೋ ಬಾಟ್ಲಿಗೆ ಕೆಂಪು ಮುಚ್ಚಳದ ಸಿರಿಂಜೇ ಆಗ್ಬೇಕು.

[ದೃಶ್ಯ: ಪಾದಗಳು, ಹತ್ತಿರದಿಂದ]

ನನ್ನ ಕೇಳಿದ್ರೆ ಶುಗರ್ ಅಳೆಯೋ ಗ್ಲುಕೋಮೀಟರ್‌ಗಿಂತ ಮೊದಲು ನೋಡಬೇಕಾದ್ದು ಪಾದ. ಖರ್ಚೂ ಇಲ್ಲ. ವರ್ಷಗಟ್ಟಲೆ ಶುಗರ್ ಇದ್ದಾಗ ಪಾದದ ನರ ಮಂಕಾಗುತ್ತೆ, ಮುಳ್ಳು ಚುಚ್ಚಿದ್ದೂ ತಿಳಿಯಲ್ಲ. ಚಪ್ಪಲಿ ಜಾರಿಹೋದದ್ದೂ ಗೊತ್ತಾಗದೆ ನಡೆಯೋರಿದ್ದಾರೆ. ಅದಕ್ಕೇ ಹಿಂದೆ ಪಟ್ಟಿ ಇರೋದು ತಗೊಳ್ಳಿ, ಅಡಿ ಮೆತ್ತಗಿರೋ ಎಂಸಿಆರ್ ಅನ್ನೋ ರಬ್ಬರ್ ಚಪ್ಪಲಿ ಸಿಕ್ಕಿದ್ರೆ ಒಳ್ಳೇದು. ಬೇಸಿಗೇಲಿ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬೊಬ್ಬೆ ಬರಿಸ್ಕೊಳ್ಳೋರು ಎಷ್ಟು ಜನ! ಬೆಳಗ್ಗೆ ತಂಪು ಹೊತ್ತಲ್ಲಿ ಹೋಗಿ. ಸ್ನಾನದ ನೀರಿನ ಬಿಸಿಯನ್ನ ಬೇರೆಯವರ ಕೈಲಿ ನೋಡಿಸಿ. ಆಣಿಯನ್ನ ಬ್ಲೇಡಲ್ಲಿ ಕೆತ್ತಬೇಡಿ.

ದಿನಾ ರಾತ್ರಿ ಪಾದದ ಅಡಿ, ಬೆರಳ ಸಂದು ನೋಡ್ಬೇಕು. ಕಣ್ಣು ಮಂಜಾಗಿದ್ರೆ ಮೊಮ್ಮಕ್ಕಳು ನೋಡ್ಲಿ. ಗಾಯ ಕಂಡ್ರೆ ನೋವಿಲ್ಲ ಅಂತ ಬಿಡ್ಬೇಡಿ, ಸುಣ್ಣ ಅರಿಶಿನ ಮೆತ್ತಬೇಡಿ. ಶುದ್ಧ ನೀರಲ್ಲಿ ತೊಳೆದು, ಒಣ ಬಟ್ಟೆ ಕಟ್ಟಿ, ಮಾರನೇ ದಿನವೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.