ಬಣ್ಣ ಕಚ್ಚಿಸುವ ಕೆಲಸ ಎಂಜೈಮಿಗೆ ಬಿಡಿ

ನಮಸ್ಕಾರ, ಮುಂಬೈಯ ಮಾಟುಂಗದಿಂದ. ಬ್ಯಾಕ್ಟೀರಿಯಾ ನೇಯ್ದ ಬಟ್ಟೆಗೆ ಎಂಜೈಮ್‌ನಿಂದ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆ ಚುರುಕು ಮಾಡುವ ಪ್ರೋಟೀನ್‌ನಿಂದ, ಬಣ್ಣ ಕಚ್ಚಿಸುವ ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಎಂಜೈಮ್ ಗಿಂಜೈಮ್ ಯಾಕೆ? ಚೂರು ಮೈಲುತುತ್ತ ಹಾಕಿ, ಬಣ್ಣ ಕಚ್ಚುತ್ತದೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಊರಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತ. ತಾಮ್ರದ ಉಪ್ಪು. ಬಣ್ಣದ ನೀರು ಚೆಲ್ಲಿದರೆ ಅದು ಮೋರಿಗೆ, ಮೋರಿಯಿಂದ ಖಾಡಿಗೆ, ಅಂದರೆ ಊರೊಳಗೆ ಚಾಚಿದ ಸಮುದ್ರದ ಕವಲಿಗೆ. ತಾಮ್ರ ಮೀನಿಗೆ ವಿಷ. ಇದಕ್ಕೆ ನೈಸರ್ಗಿಕ ಬಣ್ಣ ಅಂತ ಚೀಟಿ ಅಂಟಿಸುವುದು ಸುಳ್ಳು.

ನಾವು ಮಾತಾಡುತ್ತಿರುವುದು ಬ್ಯಾಕ್ಟೀರಿಯಾ ನೇಯ್ದ ಬಟ್ಟೆ. ಕೊಂಬುಚಾ ಅನ್ನುವ ಹುದುಗಿಸಿದ ಚಹಾದ ಮೇಲೆ ದಪ್ಪ ಕೆನೆ ಕಟ್ಟುತ್ತದಲ್ವಾ, ಅದು ಹತ್ತಿಯ ನಾರಿನಲ್ಲೂ ಇರುವ ಸೆಲ್ಯುಲೋಸ್‌ನ ಬಲೆ. ಆ ಕೆನೆಯ ತೊಳೆದ ಹಾಳೆ ಒದ್ದೆ ಇರುವಾಗಲೇ, ಎಲೆಅಡಿಕೆಗೆ ಹಾಕುವ ಕಾಚಿನ ನೀರಿಗೆ ಹಾಕಿ. ಒಣಗಿಸಿದರೆ ಬಲೆ ಕುಸಿದು ಬಿಗಿಯಾಗುತ್ತದೆ, ಬಣ್ಣ ಒಳಗಿಳಿಯುವುದೇ ಕಷ್ಟ. ಕಾಚಿನ ಸಣ್ಣ ಅಣುಗಳು ಒಳಗೆ ನುಸುಳುತ್ತವೆ. ಆಮೇಲೆ ಲ್ಯಾಕೇಸ್ ಎಂಬ ಎಂಜೈಮ್ ಗಾಳಿಯ ಆಮ್ಲಜನಕ ಬಳಸಿ ಅವನ್ನು ಒಂದಕ್ಕೊಂದು ಹೆಣೆಯುತ್ತದೆ. ದೊಡ್ಡದಾದ ಬಣ್ಣ ಬಲೆಯಲ್ಲೇ ಸಿಕ್ಕಿಕೊಳ್ಳುತ್ತದೆ, ತೊಳೆದರೂ ಸುಲಭಕ್ಕೆ ಹೊರಬರುವುದಿಲ್ಲ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಹೆಚ್ಚುಕಮ್ಮಿ ಇದೇ ಬಗೆಯ ಕೆಲಸ. ಕುದಿಸಬೇಡಿ, ಎಂಜೈಮ್ ಕೆಡುತ್ತದೆ. 50 ಡಿಗ್ರಿ ಆಸುಪಾಸು ಸಾಕು. ಬಣ್ಣ ಕಚ್ಚಿಸುವ ಕೆಲಸ ಎಂಜೈಮಿಗೆ ಬಿಡಿ!

"ಲ್ಯಾಕೇಸ್ ಜೀನ್ಸ್ ಬಣ್ಣ ತೆಗೆಯಲು ಬಳಸುತ್ತಾರಲ್ಲ" ಅಂತ ಇನ್ನೊಬ್ಬರು. ಹೌದು, ಅದು ನೀಲಿ ಬಣ್ಣವನ್ನು ಒಡೆಯುತ್ತದೆ. ನಾನು ಹೇಳುತ್ತಿರುವುದು ಕಾಚು, ಅದನ್ನು ಒಡೆಯುವುದಿಲ್ಲ, ಹೆಣೆಯುತ್ತದೆ. ಪೂರ್ತಿ ಕೇಳಿಸಿಕೊಂಡು ವಾದ ಮಾಡಿ.

"ಹೊಸ ಶೋಕಿ" ಅನ್ನುವವರಿಗೆ: ಲೋಹದ ಉಪ್ಪಿಲ್ಲದೆ, ಎಂಜೈಮ್‌ನಿಂದಲೇ ಹತ್ತಿ ಮತ್ತು ರೇಷ್ಮೆಗೆ ಗಿಡದ ಬಣ್ಣ ಹಾಕಿ ಐಐಟಿ ಕಾನ್ಪುರದವರು 2007ರಲ್ಲೇ ಪ್ರಕಟಿಸಿದ್ದಾರೆ. 1933ರಲ್ಲಿ ಶುರುವಾಗಿ ಜವಳಿ ರಸಾಯನ ಕಲಿಸುತ್ತಾ ಬಂದ ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಇಲ್ಲೇ ಮಾಟುಂಗದಲ್ಲಿದೆ. ಇಂಥ ಊರಲ್ಲಿ ಕೂತು ನಾವು ಇನ್ನೂ ಮೈಲುತುತ್ತ ಕಲಸಬೇಕಾ?

ಅಂದಹಾಗೆ ಸಬ್‌ಸ್ಕ್ರೈಬ್ ಮಾಡಿ. ಮುಂಬೈಯಿಂದ ಕನ್ನಡದಲ್ಲಿ ಬಟ್ಟೆ ಬಗ್ಗೆ ಮಾತಾಡುವ ಚಾನೆಲ್ಲಿಗೆ ನಿಮ್ಮ ಬೆಂಬಲ ಬೇಕು.

ಎಂಜೈಮ್ ದುಬಾರಿ ಅಂತೀರಾ? ಇರಲಿ! ಬಣ್ಣ ಪೇಲವ ಅಂತೀರಾ? ಇರಲಿ! ಖಾಡಿಗೆ ವಿಷ ಬಿಡಬೇಡಿ, ಅಷ್ಟೇ. ಎಂಜೈಮಿಗೆ ಬಿಡಿ, ಎಂಜೈಮಿಗೆ ಬಿಡಿ, ಇನ್ನೂ ನೂರು ಸಲ ಹೇಳುತ್ತೇನೆ. ಡೊಂಬಿವಲಿ, ಠಾಣೆ ಕಡೆ ಯಾರಾದರೂ ಹಾಳೆ ಬೆಳೆಸುತ್ತಿದ್ದರೆ ಕಮೆಂಟ್ ಹಾಕಿ. ಮುಂದಿನ ವಾರ ದಾಳಿಂಬೆ ಸಿಪ್ಪೆ.