ಬೋರ್ಗ್ ಎಂದರೆ ಜೇನುಗೂಡೇ? ಹ್ಯೂ ಎಂಬ ಹೆಸರು ಹುಟ್ಟಿದ ಬಗೆ

[ದೃಶ್ಯ: ವಿರಾಜಪೇಟೆ ಬಳಿಯ ಕಾಫಿ ತೋಟ. ಸಿಲ್ವರ್ ಓಕ್ ಮರದ ನೆರಳಿನಲ್ಲಿ ಮೂರು ಜೇನುಪೆಟ್ಟಿಗೆಗಳು.]

ಎಲ್ಲರಿಗೂ ನಮಸ್ಕಾರ. ತುಡುವೆ ಜೇನಿನ ಬಗ್ಗೆ ನಾವು ಮಾಡಿದ್ದ ವಿಡಿಯೋ ನೋಡಿದ ಸೋಮವಾರಪೇಟೆಯ ವೀಕ್ಷಕರೊಬ್ಬರು, "ಸ್ಟಾರ್ ಟ್ರೆಕ್‌ನಲ್ಲಿ ಬರುವ ಬೋರ್ಗ್ ಎಂದರೆ ಜೇನುಗೂಡೇ ಅಲ್ಲವೇ?" ಎಂದು ಕೇಳಿದ್ದರು. ಸ್ಟಾರ್ ಟ್ರೆಕ್ ಎಂದರೆ ಬಾಹ್ಯಾಕಾಶ ಯಾನದ ಕಥೆ ಹೇಳುವ ಅಮೆರಿಕದ ಟಿವಿ ಸರಣಿಗಳು. ಅದಕ್ಕೆ ಉತ್ತರ ಹುಡುಕುತ್ತಾ ನಾನು 'ದಿ ನೆಕ್ಸ್ಟ್ ಜನರೇಶನ್' ಸರಣಿಯ ಒಂದು ಕಂತನ್ನು ಮತ್ತೆ ನೋಡಿದೆ. ಅದರ ಹೆಸರು 'ಐ, ಬೋರ್ಗ್'. ಅಮೆರಿಕದಲ್ಲಿ ಅದು ಪ್ರಸಾರವಾದದ್ದು 1992ರ ಮೇ ತಿಂಗಳಲ್ಲಿ. ಆ ವರ್ಷವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಬೋರ್ಗ್ ಗೊತ್ತಿಲ್ಲದವರಿಗೆ ಎರಡೇ ಮಾತು. ಇವರು ಅರ್ಧ ದೇಹ, ಅರ್ಧ ಯಂತ್ರವಾಗಿರುವ ಜೀವಿಗಳು. ಎಲ್ಲರಿಗೂ ಸೇರಿ ಒಂದೇ ಮನಸ್ಸು, ಎದುರಾದವರನ್ನೆಲ್ಲ ಹಿಡಿದು ತಮ್ಮೊಳಗೆ ಸೇರಿಸಿಕೊಳ್ಳುವುದೇ ಕೆಲಸ. ಸರಣಿಯ ಮುಖ್ಯ ನೌಕೆಯ ಕ್ಯಾಪ್ಟನ್ ಪಿಕಾರ್ಡ್‌ನನ್ನೂ ಹಿಂದೊಮ್ಮೆ ಹಾಗೆ ಸೇರಿಸಿಕೊಂಡಿದ್ದರು. ಈ ಕಂತಿನಲ್ಲಿ ಬೋರ್ಗ್ ನೌಕೆಯೊಂದು ಅಪಘಾತಕ್ಕೀಡಾಗಿ, ಅದರಲ್ಲಿದ್ದ ಐವರ ಪೈಕಿ ಒಬ್ಬ ಯುವಕ ಮಾತ್ರ ಬದುಕಿ ಉಳಿಯುತ್ತಾನೆ. ಪಿಕಾರ್ಡ್‌ನ ನೌಕೆಯ ವೈದ್ಯೆ ಡಾಕ್ಟರ್ ಕ್ರಷರ್ ಅವನನ್ನು ತಮ್ಮ ನೌಕೆಗೆ ತಂದು ಚಿಕಿತ್ಸೆ ಕೊಡುತ್ತಾಳೆ. ಪಿಕಾರ್ಡ್ ಮಾತ್ರ ಅವನಲ್ಲಿ ಒಂದು ಆಯುಧವನ್ನು ಕಾಣುತ್ತಾನೆ. ಬಿಡಿಸಲಾಗದ ಜ್ಯಾಮಿತಿಯ ಒಗಟೊಂದನ್ನು ಯುವಕನ ಸ್ಮೃತಿಯಲ್ಲಿಟ್ಟು ಹಿಂದಕ್ಕೆ ಕಳುಹಿಸಿದರೆ, ಒಬ್ಬನಿಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾಗುವ ಆ ವ್ಯವಸ್ಥೆಯಲ್ಲಿ ಒಗಟು ಎಲ್ಲರ ತಲೆಗೂ ಹಬ್ಬಿ, ಅದನ್ನು ಬಿಡಿಸಲು ಹೋಗಿ ಇಡೀ ಸಮೂಹವೇ ಕುಸಿದು ಬೀಳುತ್ತದೆ ಎಂಬುದು ಅವನ ಲೆಕ್ಕಾಚಾರ.

[ದೃಶ್ಯ: ತೆರೆದ ಪೆಟ್ಟಿಗೆ. ಎರಿಯ ಕೋಣೆಗಳು ಹತ್ತಿರದಿಂದ.]

ಕೊಡಗಿನವರು ಇಲ್ಲಿ ಸ್ವಲ್ಪ ನಿಲ್ಲಬೇಕು. 1991–92ರ ಸುಮಾರಿಗೆ, ಅಂದರೆ ಈ ಕಂತು ಪ್ರಸಾರವಾದ ದಿನಗಳಲ್ಲೇ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ, ಬಹುಪಾಲು ಜೇನು ಕುಟುಂಬಗಳನ್ನು ನಾಶಮಾಡಿತು. ಕೊಡಗಿನ ಪೆಟ್ಟಿಗೆಗಳೂ ಬರಿದಾದವು. ಕಾಫಿ ಹೂ ಅರಳಿದಾಗಲೂ ತೋಟ ಸದ್ದಿಲ್ಲದೆ ನಿಂತಿರುತ್ತಿತ್ತು ಎಂದು ನಮ್ಮ ಅಜ್ಜ ಹೇಳುತ್ತಿದ್ದುದು ನನಗೆ ಇಂದಿಗೂ ಕಿವಿಯಲ್ಲಿದೆ. ಆ ರೋಗ ಹರಡುವ ಬಗೆಯನ್ನು ಗಮನಿಸಿ. ವೈರಸ್ ತಗುಲಿದ ಮರಿಹುಳು ಕೋಶಾವಸ್ಥೆಗೆ ತಲುಪಲಾರದೆ, ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲೇ ಸಾಯುತ್ತದೆ. ಗೂಡನ್ನು ಸ್ವಚ್ಛವಾಗಿಡಲೆಂದು ಕೆಲಸಗಾರ ಜೇನು ಅದನ್ನು ಎಳೆದು ಹೊರಹಾಕುವಾಗ ವೈರಸ್ ಆ ಜೇನಿನ ದೇಹವನ್ನು ಸೇರುತ್ತದೆ. ಆಮೇಲೆ ಅದೇ ಜೇನು ಬೇರೆ ಮರಿಗಳಿಗೆ ಉಣಿಸುವ ಆಹಾರದ ಮೂಲಕ ಮುಂದಕ್ಕೆ ಸಾಗುತ್ತದೆ. ಕುಟುಂಬವನ್ನು ಕಾಪಾಡುತ್ತಿದ್ದ ಆರೈಕೆಯೇ, ಹಂಚಿಕೊಂಡು ಉಣ್ಣುವ ಗುಣವೇ ರೋಗಕ್ಕೆ ದಾರಿಯಾಯಿತು. ಪಿಕಾರ್ಡ್ ಹೂಡಿದ್ದ ಉಪಾಯವೂ ಇದೇ ದಾರಿಯನ್ನು ನೆಚ್ಚಿಕೊಂಡಿತ್ತು. ಬರಿದಾದ ಪೆಟ್ಟಿಗೆಗಳ ಕಥೆ ಕೇಳಿ ಬೆಳೆದ ನನಗೆ ಅದು ಯುದ್ಧತಂತ್ರವಾಗಿ ಕಾಣುವುದೇ ಇಲ್ಲ. ಡಾಕ್ಟರ್ ಕ್ರಷರ್ ಅದನ್ನು ವಿರೋಧಿಸುವಾಗ ನಾನು ಪೂರ್ತಿಯಾಗಿ ಅವಳ ಪಕ್ಷ.

ಆದರೆ ಆ ಉಪಾಯ ನಡೆಯದಂತೆ ತಡೆದದ್ದು ಒಂದು ಹೆಸರು. ಯುವಕನಿಗೆ ಇದ್ದದ್ದು 'ಐವರಲ್ಲಿ ಮೂರನೆಯವನು' ಎಂಬ ಗುರುತು ಮಾತ್ರ. ಎಂಜಿನಿಯರ್ ಜಾರ್ಡಿ ಅವನನ್ನು 'ಹ್ಯೂ' ಎಂದು ಕರೆಯುತ್ತಾನೆ. ಇಂಗ್ಲಿಷಿನಲ್ಲಿ 'ನೀನು' ಎನ್ನುವ 'ಯು' ಎಂಬ ಪದದ ಧ್ವನಿಯೇ ಅದರಲ್ಲಿದೆ. ಇನ್ನೊಬ್ಬ ಬಂದು 'ನೀನು' ಎಂದ ಮೇಲೆಯೇ ಅವನೊಳಗೆ 'ನಾನು' ಎಂಬುದಕ್ಕೆ ಜಾಗವಾಯಿತು. ಹಾಗಿದ್ದೂ ಅವನು ಮೊದಲಿಗೆ ಹೇಳುವುದು 'ನಾವು ಹ್ಯೂ' ಎಂದೇ. ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬಂದು ಸ್ವಂತ ಹೆಸರು ಆಮೇಲೆ ಬರುತ್ತದೆ. ಕೊಡಂದೇರ ಕಾರ್ಯಪ್ಪ ಎಂದಾಗ ಮನೆತನವೂ ಮನುಷ್ಯನೂ ಒಂದೇ ಉಸಿರಿನಲ್ಲಿ ಕೇಳಿಸುತ್ತಾರೆ. ಹ್ಯೂಗೆ ಒಕ್ಕವಿತ್ತು, ಸ್ವಂತ ಹೆಸರಿರಲಿಲ್ಲ. ಪಿಕಾರ್ಡ್ ಅವನನ್ನು ಪರೀಕ್ಷಿಸಲು ಮತ್ತೆ ಬೋರ್ಗ್ ಆದವನಂತೆ ನಟಿಸಿ, ನೌಕೆಯವರನ್ನೆಲ್ಲ ಸಮೂಹಕ್ಕೆ ಸೇರಿಸಲು ನೆರವಾಗು ಎಂದು ಆಜ್ಞಾಪಿಸಿದಾಗ, ಹ್ಯೂ ತನಗಾಗಿ ಏನನ್ನೂ ಕೇಳುವುದಿಲ್ಲ. ಜಾರ್ಡಿಗೆ ಅದು ಬೇಡ, ಜಾರ್ಡಿ ನನ್ನ ಗೆಳೆಯ ಎನ್ನುತ್ತಾನೆ, ನೆರವಾಗಲು ಒಪ್ಪುವುದಿಲ್ಲ. ಅವನ ಬಾಯಲ್ಲಿ 'ನಾನು' ಎಂಬ ಮಾತು ಬರುವುದು ಆಗ. ಪಿಕಾರ್ಡ್ ತನ್ನ ಉಪಾಯವನ್ನು ಕೈಬಿಡುತ್ತಾನೆ.

[ದೃಶ್ಯ: ಕೊಂಬೆಗೆ ಜೋತುಬಿದ್ದ ಜೇನಿನ ಗೊಂಚಲು.]

ಇನ್ನು ವೀಕ್ಷಕರ ಪ್ರಶ್ನೆ. ಜೇನುಗೂಡು ಬೋರ್ಗ್ ಅಲ್ಲ ಎಂಬುದು ನನ್ನ ಉತ್ತರ. ಜೇನು ಕುಟುಂಬ ಪಾಲಾದಾಗ ಹೊಸ ಮನೆಯನ್ನು ಆರಿಸುವುದು ರಾಣಿಯಲ್ಲ, ಹುಡುಕಲು ಹೋದ ಕೆಲಸಗಾರ ಜೇನುಗಳು. ಅವು ಹಿಂದಿರುಗಿ, ತಾವು ಕಂಡ ಪೊಟರೆಯ ದಿಕ್ಕು ಮತ್ತು ದೂರವನ್ನು ಕುಣಿತದಲ್ಲಿ ತಿಳಿಸುತ್ತವೆ. ಆ ಕುಣಿತದ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕುಣಿತ ನೋಡಿದ ಜೇನು ಸುಮ್ಮನೆ ಅದನ್ನೇ ನಕಲು ಮಾಡುವುದಿಲ್ಲ. ತಾನೇ ಹಾರಿಹೋಗಿ, ಪೊಟರೆಯನ್ನು ಒಳಹೊರಗೆ ನೋಡಿ, ಒಪ್ಪಿಗೆಯಾದರೆ ಮಾತ್ರ ಬಂದು ಕುಣಿಯುತ್ತದೆ. ಯುರೋಪಿನ ಜೇನನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಥಾಮಸ್ ಸೀಲಿಯವರ ಸಂಶೋಧನೆಯ ತಿರುಳು ಇಲ್ಲೇ ಇದೆ. ಬೇರೆ ಜಾಗವನ್ನು ಮೆಚ್ಚಿದ ಜೇನುಗಳು ಎದುರು ಪಕ್ಷದ ಕುಣಿತವನ್ನು ತಲೆಯಿಂದ ಗುದ್ದಿ ನಿಲ್ಲಿಸಲು ನೋಡುವುದೂ ಉಂಟು. ಒಂದೊಂದು ಜೇನೂ ತನ್ನ ಕಣ್ಣಿನಿಂದ ನೋಡುವುದರಿಂದಲೇ ಹಿಂಡು ಒಳ್ಳೆಯ ಮನೆಯನ್ನು ಸೇರುತ್ತದೆ. ಬೋರ್ಗ್‌ಗಳಲ್ಲಿ ಹೀಗೆ ತಾನೇ ನೋಡಿ ತಾನೇ ತೀರ್ಮಾನಿಸುವವರೇ ಇಲ್ಲ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಾಗಿ ಹೇಳುತ್ತೇನೆ. ಬೋರ್ಗ್‌ಗಳಿಂದ ತನ್ನ ಜನವನ್ನು ಕಳೆದುಕೊಂಡ, ಪಿಕಾರ್ಡ್‌ನ ನೌಕೆಯಲ್ಲೇ ಇರುವ ಗೈನನ್ ಎಂಬಾಕೆ ಹ್ಯೂ ಜೊತೆ ಮಾತನಾಡಿ ಮನಸ್ಸು ಬದಲಿಸುವ ದೃಶ್ಯವನ್ನು ನೀವೇ ನೋಡಿ. 1993ರ 'ಡಿಸೆಂಟ್' ಎಂಬ ಎರಡು ಭಾಗದ ಕಥೆಯಲ್ಲಿ, ಬೋರ್ಗ್‌ಗಳ ಬಳಿಗೆ ಹಿಂದಿರುಗಿದ ಹ್ಯೂ ಕೊಂಡೊಯ್ದ 'ನಾನು' ಅವನ ನೌಕೆಯವರಲ್ಲಿ ಹರಡಿ, ದಾರಿ ಕಾಣದ ಅವರನ್ನು ಲೋರ್ ಎಂಬ ಯಂತ್ರಮಾನವ ತನ್ನ ಹಿಡಿತಕ್ಕೆ ತೆಗೆದುಕೊಂಡಿರುತ್ತಾನೆ. ಹ್ಯೂ ಅದಕ್ಕಾಗಿ ಪಿಕಾರ್ಡ್‌ನ ಜನರ ಮೇಲೆ ಸಿಟ್ಟಾಗುತ್ತಾನೆ. ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಹೆಸರು ಕೊಟ್ಟವರು ಅವನ ಬಳಿ ಉಳಿದಿರಲಿಲ್ಲ.

ಆದರೂ 'ಐ, ಬೋರ್ಗ್' ಕಂತಿನಲ್ಲಿ ಹಿಂದಿರುಗುವ ನಿರ್ಧಾರ ಹ್ಯೂನದೇ ಆಗಿತ್ತು. ಉಳಿದುಕೊಳ್ಳಬಹುದು ಎಂದು ಪಿಕಾರ್ಡ್‌ನ ಜನರು ಹೇಳಿದ್ದರು. ತಾನು ಉಳಿದರೆ ಬೋರ್ಗ್‌ಗಳು ಹುಡುಕಿಕೊಂಡು ಬಂದು ಗೆಳೆಯರಿಗೆ ಅಪಾಯವಾಗುತ್ತದೆ ಎಂದು ಅವನು ಹೊರಡುತ್ತಾನೆ. ಕರೆದೊಯ್ಯಲು ಬಂದವರು ಅಲ್ಲಿ ನಿಂತಿದ್ದ ಜಾರ್ಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರ ನಡುವೆ ನಿಂತ ಹ್ಯೂ, ಮರೆಯಾಗುವ ಮುನ್ನ, ಒಮ್ಮೆ ಜಾರ್ಡಿಯ ಕಡೆಗೆ ತಲೆ ತಿರುಗಿಸಿ ನೋಡುತ್ತಾನೆ.