ಚೆಕ್ ರೋಲಿನಲ್ಲಿ ನಿಮ್ಮ ಹೆಸರಿದೆಯೇ?

ಮಡಿಕೇರಿ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಕಾಫಿ ಕುಯ್ಲು ಶುರುವಾಗಿರುವ ಹೊತ್ತು. ತೋಟದ ಕಾರ್ಮಿಕರ ಹಕ್ಕುಗಳ ಬಗ್ಗೆ ಮಾತನಾಡಿ ಎಂದು ನಿಲಯದವರು ಕೇಳಿದಾಗ, ವಕೀಲರನ್ನು ಕರೆಯಿರಿ ಎಂದಿದ್ದೆ. ನಾನು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತನಾದವನು. ಕಾನೂನನ್ನೂ ಚೆಕ್ ರೋಲಿನ, ಅಂದರೆ ಹಾಜರಿ ಪುಸ್ತಕದ ಕಡೆಯಿಂದಲೇ ನೋಡಿ ಅಭ್ಯಾಸ. ಬೆಳಿಗ್ಗೆ ಮೇಸ್ತ್ರಿ ಆಳು ಎಣಿಸುತ್ತಾರೆ, ರೈಟರ್ ಹಾಜರಿ ಹಾಕುತ್ತಾರೆ. ಆ ಪುಸ್ತಕದಲ್ಲಿ ಹೆಸರು ಬಿದ್ದರೆ ಪಿಎಫ್, ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ ಹಣ, ಹೆರಿಗೆ ಭತ್ಯೆ, ಎಲ್ಲಕ್ಕೂ ದಾರಿ ಸಲೀಸು. ಬೀಳದಿದ್ದರೆ ದೆಹಲಿಯಲ್ಲಿ ಮಾಡಿದ ಕಾನೂನು ಕಾರ್ಮಿಕರ ಲೈನ್ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ.

ಹೆಂಗಸರ ವಿಷಯದಿಂದಲೇ ಆರಂಭಿಸುತ್ತೇನೆ. ಕುಯ್ಲಿನಲ್ಲಿ ಕೆಜಿ ಲೆಕ್ಕ. ಗಂಡ ಹೆಂಡತಿ ಒಂದೇ ಸಾಲಿನಲ್ಲಿ ಕುಯ್ದು ಒಂದೇ ಚೀಲಕ್ಕೆ ಹಣ್ಣು ತುಂಬುತ್ತಾರೆ. ಸಂಜೆ ತೂಕ ಹಾಕುವಾಗ ಬರೆಯುವುದು ಗಂಡನ ಹೆಸರನ್ನು. ಬಟವಾಡೆಯ ದಿನ ಹಣ ಒಂದೇ ಮನೆಗೆ ಹೋಗುವುದರಿಂದ ಯಾರಿಗೂ ಇದು ತಪ್ಪೆನಿಸುವುದಿಲ್ಲ. ಆದರೆ ಹೆರಿಗೆ ಭತ್ಯೆ ಬೇಕಾದರೆ ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಆಕೆ 80 ದಿನ ಕೆಲಸ ಮಾಡಿರಬೇಕು. ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಸಿಗುತ್ತದೆ. ದೊಡ್ಡ ಮೊತ್ತ ಅದು! ಪುಸ್ತಕದಲ್ಲಿ ಆಕೆ ಇಲ್ಲವೇ ಇಲ್ಲ ಎಂದಾದರೆ 80 ದಿನವನ್ನು ತೋರಿಸುವುದು ಎಲ್ಲಿಂದ? ಅಮ್ಮಂದಿರೇ, ಅಕ್ಕಂದಿರೇ, ನಿಮ್ಮ ಚೀಲ ಬೇರೆ ತೂಗಿಸಿ, ನಿಮ್ಮ ಹೆಸರಿನಲ್ಲೇ ಬರೆಸಿ. ರೈಟರ್ ಗೊಣಗಬಹುದು. ಗೊಣಗಲಿ ಬಿಡಿ, ಅವರಿಗೆ ಒಂದು ಗೆರೆ ಹೆಚ್ಚು ಬರೆಯುವ ಕೆಲಸ ಅಷ್ಟೇ. ಕೆಜಿ ಲೆಕ್ಕವಾದರೂ, ಪೂರ್ತಿ ದಿನ ದುಡಿದವರಿಗೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಕೂಲಿ ಎಂಬುದಂತೂ 1976ರಿಂದಲೇ ಕಾನೂನಿಗೆ ವಿರುದ್ಧ.

ಇನ್ನು ಗ್ರಾಚ್ಯುಟಿ. 1972ರ ಕಾಯ್ದೆಯಲ್ಲಿ ತೋಟಗಳೂ ಸೇರಿದ್ದವು. ಐದು ವರ್ಷ ಸತತ ಸೇವೆ ಆಗಿದ್ದರೆ, ಪ್ರತಿ ವರ್ಷಕ್ಕೆ ಹದಿನೈದು ದಿನದ ಕೂಲಿ. ದಿನಕ್ಕೆ 450 ರೂಪಾಯಿ ಕೂಲಿಯವರು 20 ವರ್ಷ ದುಡಿದಿದ್ದಾರೆ ಎಂದುಕೊಳ್ಳಿ. 450ನ್ನು 15ರಿಂದ ಗುಣಿಸಿದರೆ 6,750. ಅದನ್ನು 20ರಿಂದ ಗುಣಿಸಿದರೆ 1,35,000 ರೂಪಾಯಿ. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು. ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಐದು ವರ್ಷದ ಷರತ್ತೂ ಇಲ್ಲ, ಮನೆಯವರಿಗೆ ಬರುತ್ತದೆ. ಇಲ್ಲೊಂದು ಚಾಲಾಕಿತನ ನಡೆಯುತ್ತದೆ. ಜೋರು ಮಳೆಯ ತಿಂಗಳಲ್ಲಿ ಹೆಸರು ಬಿಡುವುದು, ಮಳೆ ನಿಂತ ಮೇಲೆ ಹೊಸ ಆಳು ಎಂದು ಬರೆದುಕೊಳ್ಳುವುದು. ಇದರಿಂದ ಸೇವೆ ತುಂಡಾಗುವುದಿಲ್ಲ. ಕಾರ್ಮಿಕನ ತಪ್ಪಿಲ್ಲದೆ ಕೆಲಸ ನಿಂತಿದ್ದರೆ, ಕಾಯಿಲೆ ಬಿದ್ದು ಮಲಗಿದ್ದರೆ, ಆ ದಿನಗಳೂ ಸತತ ಸೇವೆಯೊಳಗೇ ಬರುತ್ತವೆ.

ಹಳೆಯ ಕಾಯ್ದೆಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1951ರ ತೋಟ ಕಾರ್ಮಿಕರ ಕಾಯ್ದೆಯೂ ಇವುಗಳೊಳಗೆ ಸೇರಿಹೋಗಿದೆ. ಅವುಗಳ ಬಗ್ಗೆ ಸಂಘಗಳವರ ತಕರಾರು ಬಹಳ ಇದೆ, ಇವತ್ತು ಆ ಚರ್ಚೆ ಬೇಡ. ರೈಟರ್ ಆಗಿದ್ದ ನನಗೆ ಎರಡು ವಿಷಯ ಮುಖ್ಯವಾಗಿ ಕಂಡವು. ಒಂದು, ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕು. ಇನ್ನೊಂದು, ಕೂಲಿ ಬಂದಿಲ್ಲ ಎಂದು ದೂರು ಕೊಟ್ಟರೆ, ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು. ಬೆಳೆಗಾರ ಮಿತ್ರರೂ ಇದನ್ನು ಕೇಳುತ್ತಿರಬಹುದು. ಪ್ರಾಮಾಣಿಕವಾಗಿ ಕೂಲಿ ಕೊಟ್ಟೂ ಲೆಕ್ಕ ಇಡದ ಸಣ್ಣ ಬೆಳೆಗಾರರೇ ನಾಳೆ ಪೇಚಿಗೆ ಸಿಲುಕುವುದು. ಪುಸ್ತಕ ನಿಮ್ಮನ್ನೂ ಕಾಯುತ್ತದೆ.

ಮೆಣಸು ಕುಯ್ಲಿಗೆ ಬರೋಣ. ಅಲ್ಯೂಮಿನಿಯಂ ಏಣಿ ಹೊತ್ತು ಮರದಿಂದ ಮರಕ್ಕೆ ಹೋಗುವಾಗ ಮೇಲಿನ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಇಂಥ ಸಾವಾದಾಗ, ಕೆಲಸ ಗುತ್ತಿಗೆಗೆ ಕೊಟ್ಟಿದ್ದೆ, ಗುತ್ತಿಗೆದಾರನನ್ನು ಕೇಳಿ ಎಂದು ತೋಟದವರು ಕೈತೊಳೆದುಕೊಳ್ಳಲು ಆಗುವುದಿಲ್ಲ. ಗುತ್ತಿಗೆದಾರನ ಆಳಿಗೆ ಆದ ಅಪಘಾತಕ್ಕೂ ಪರಿಹಾರವನ್ನು ತೋಟದ ಮಾಲೀಕರಿಂದಲೇ ಕೇಳಬಹುದು, ಅವರು ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಪಿರಿಯಾಪಟ್ಟಣದ ಕಡೆಯಿಂದ ಜೀಪಿನಲ್ಲಿ ತುಂಬಿಕೊಂಡು ಬರುವವರಿಗೂ ಒಂದು ಮಾತು: ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಾಗುವ ಅಪಘಾತವನ್ನೂ ಹೊಸ ಸಂಹಿತೆ ಕೆಲಸದ ಅಪಘಾತದೊಳಗೆ ತಂದಿದೆ.

ಲೈನ್ ಮನೆಗೂ ಒಂದು ಕಾನೂನಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ತೋಟದವರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೋ ಮನೆ ಮಂದಿಗೋ ಸಾವು ನೋವಾದರೆ ಮಾಲೀಕರು ಪರಿಹಾರ ಕೊಡಬೇಕು. ಕುಸಿತಕ್ಕೆ ವಾಸವಿದ್ದವರ ತಪ್ಪೊಂದೇ ಅಥವಾ ಪ್ರಕೃತಿ ವಿಕೋಪವೊಂದೇ ನೇರ ಕಾರಣವಾಗಿದ್ದರೆ ಮಾತ್ರ ವಿನಾಯಿತಿ. ಆ 'ಒಂದೇ' ಎಂಬುದರಲ್ಲೇ ಎಲ್ಲವೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದ್ದನ್ನು ಕಂಡ ಜಿಲ್ಲೆ ನಮ್ಮದು, ಗೋಡೆ ಬಿದ್ದರೆ ಮಳೆಯನ್ನು ದೂರುವುದು ಸುಲಭ. ಆದರೆ ಆ ಗೋಡೆ ಬಿರುಕು ಬಿಟ್ಟು ಎರಡು ಮಳೆಗಾಲ ಕಳೆದಿತ್ತು, ದುರಸ್ತಿ ಮಾಡಿಸಿ ಎಂದು ಕೇಳಿದ್ದೆವು ಎಂಬುದಕ್ಕೆ ಆಧಾರವಿದ್ದರೆ ಮಳೆಯೊಂದೇ ಕಾರಣ ಎನ್ನಲಾಗದು. ಜೂನ್‌ಗೆ ಮುಂಚೆ ಬಿರುಕಿನ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದು ಮ್ಯಾನೇಜರ್‌ಗೆ ಕಳಿಸಿ. ಕಳಿಸಿದ್ದನ್ನು ಅಳಿಸಬೇಡಿ.

ಸಾಲದ ಮಾತು ಕಷ್ಟದ್ದು. ಮದುವೆಗೋ ಆಸ್ಪತ್ರೆಗೋ ಮುಂಗಡ ಕೊಟ್ಟು, ತೀರುವ ತನಕ ಬೇರೆ ತೋಟಕ್ಕೆ ಹೋಗಕೂಡದು ಎಂದು ಕಟ್ಟಿಹಾಕುವುದು ಜೀತ. ಯರವರು, ಪಣಿಯರು, ಜೇನುಕುರುಬರ ಕುಟುಂಬಗಳು ಇದನ್ನು ಅನುಭವಿಸಿವೆ. 1976ರ ಕಾಯ್ದೆಯ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ತೀರಿಸಬೇಕಾದ್ದಿಲ್ಲ. ಇದು ಜೀತದ ಸಾಲವಲ್ಲ ಎಂದು ತೋರಿಸುವ ಹೊಣೆಯೂ ಸಾಲ ಕೊಟ್ಟವರದ್ದೇ. ದೂರನ್ನು ತಹಶೀಲ್ದಾರರಿಗೆ, ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ ಕೊಡಬಹುದು.

ಹೋಂಸ್ಟೇಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ: ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಲೈಂಗಿಕ ಕಿರುಕುಳದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು, ಮೂರು ತಿಂಗಳೊಳಗೆ. ಮಹಿಳಾ ಸಹಾಯವಾಣಿ 181.

ವಕೀಲರಿಗೆ ಕೊಡಲು ದುಡ್ಡೆಲ್ಲಿ ಎಂದು ಸುಮ್ಮನಾಗುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಜೀತಕ್ಕೆ ಸಿಲುಕಿದವರಿಗೆ ವಕೀಲರ ನೆರವು ಉಚಿತ, ಆದಾಯದ ಪ್ರಶ್ನೆಯೇ ಇಲ್ಲ. ಲೈನ್ ಮನೆಗಳಲ್ಲಿ ಇದರ ಹೊರಗೆ ಉಳಿಯುವವರು ಎಷ್ಟು ಮಂದಿ ಇದ್ದಾರು? ದೂರವಾಣಿ ಸಂಖ್ಯೆ 15100. ಮಡಿಕೇರಿಯ ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿ ಎಂದು ಕೇಳಿದರೂ ಸಾಕು. ಹೋಗುವಾಗ ಆಧಾರ್ ಕಾರ್ಡ್, ಪಾಸ್‌ಬುಕ್, ತೂಕದ ಚೀಟಿಗಳು, ಜೊತೆಗೆ ನೀವೇ ದಿನ ಬರೆದಿಟ್ಟ ಕ್ಯಾಲೆಂಡರ್ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಸಿ: ತಾರೀಕು, ಯಾವ ತೋಟ, ಎಷ್ಟು ಕೆಜಿ, ಕೈಗೆ ಬಂದ ಹಣ.

ನಮಸ್ಕಾರ.